ತಟ್ಟೆ ಇಡ್ಲಿ ತಿಂದು ಹೊಟ್ಟೆ ಕೆಟ್ಟಿತೇ? ಹೋಟೆಲಿನ ಹೆಸರು ಫಾರ್ವರ್ಡ್ ಮಾಡುವ ಮೊದಲು ಇದನ್ನು ಓದಿ

“ಕ್ಯಾತ್ಸಂದ್ರದ ಹತ್ರ ಒಂದು ಹೋಟೆಲ್‌ನಲ್ಲಿ ತಟ್ಟೆ ಇಡ್ಲಿ ತಿಂದ್ವಿ. ಕುಣಿಗಲ್ ಸೇರೋ ಹೊತ್ತಿಗೆ ಮಕ್ಕಳಿಗೆಲ್ಲ ವಾಂತಿ. ದಯವಿಟ್ಟು ಯಾರೂ ಆ ಹೋಟೆಲ್‌ಗೆ ಹೋಗಬೇಡಿ. ನಿಮ್ಮ ಎಲ್ಲ ಗ್ರೂಪ್‌ಗಳಿಗೂ ಕಳಿಸಿ.”

ಇದು ನಾವೇ ಬರೆದ ಮಾದರಿ ಸಂದೇಶ. ಆದರೆ ಇದೇ ಒಕ್ಕಣೆಯ ಒಂದಲ್ಲ ಒಂದು ಸಂದೇಶ ನಿಮ್ಮ ಮೊಬೈಲ್‌ಗೂ ಬಂದಿರುತ್ತದೆ. ಊರು ಗುಬ್ಬಿ ಆಗಿರಬಹುದು, ತಿಂಡಿ ಗೋಬಿ ಮಂಚೂರಿ ಆಗಿರಬಹುದು, ಕೊನೆಯ ಸಾಲು ಮಾತ್ರ ಬದಲಾಗುವುದಿಲ್ಲ.

ಕಳಿಸಿದವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾವು ಹೇಳುತ್ತಿಲ್ಲ. ವಾಂತಿ ಆಗಿದ್ದು ನಿಜವಿರಬಹುದು, ಇಡ್ಲಿ ತಿಂದಿದ್ದೂ ನಿಜವಿರಬಹುದು. ಎರಡಕ್ಕೂ ಹಾಕಿದ ಗಂಟು ಸರಿಯೇ ಎಂಬುದಷ್ಟೇ ಪ್ರಶ್ನೆ. ಗಂಟು ತಪ್ಪಾಗಿದ್ದರೆ ನಷ್ಟ ಎರಡು ಕಡೆ. ಗಂಡ-ಹೆಂಡತಿ ಸೇರಿ ನಡೆಸುವ ಸಣ್ಣ ಹೋಟೆಲ್‌ಗೆ ಗಿರಾಕಿ ತಪ್ಪುತ್ತದೆ. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಕಾಯಿಲೆ ತಂದ ನಿಜವಾದ ಮೂಲವನ್ನು ಯಾರೂ ಹುಡುಕುವುದಿಲ್ಲ. ಅದು ಓವರ್‌ಹೆಡ್ ಟ್ಯಾಂಕಿನ ನೀರಾಗಿದ್ದರೆ ಅದೇ ನೀರನ್ನು ಊರು ಮರುದಿನವೂ ಕುಡಿಯುತ್ತದೆ.

ತುಮಕೂರು ಜಿಲ್ಲೆಗೆ ಇದು ಬರೀ ಊಹೆಯ ಮಾತಲ್ಲ. 2024ರ ಜೂನ್‌ನಲ್ಲಿ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ಊರಹಬ್ಬದ ಬೆನ್ನಿಗೇ ವಾಂತಿಭೇದಿ ಕಾಣಿಸಿಕೊಂಡು ಹತ್ತಾರು ಜನ ಆಸ್ಪತ್ರೆ ಸೇರಿದರು, ಸಾವುಗಳೂ ಆದವು. ಹಬ್ಬದ ಊಟ ಎಲ್ಲರ ಕಣ್ಣಮುಂದೆ ಇದ್ದರೂ ಬಲವಾದ ಶಂಕೆ ಬಿದ್ದದ್ದು ಕುಡಿಯುವ ನೀರಿನ ಮೇಲೆ.

ಕೊನೆಯ ಊಟವೇ ಯಾಕೆ ಅಪರಾಧಿ?

ಹೊಟ್ಟೆ ಕೆಟ್ಟಾಗ ನಾವೆಲ್ಲ ಮಾಡುವ ಮೊದಲ ಕೆಲಸ, ಅದಕ್ಕೆ ಸ್ವಲ್ಪ ಮುಂಚೆ ಏನು ತಿಂದೆವು ಎಂದು ನೆನೆಸಿಕೊಳ್ಳುವುದು. ಅದರಲ್ಲೂ ಹೊರಗಡೆ ತಿಂದದ್ದೇ ಬೇಗ ನೆನಪಾಗುತ್ತದೆ. ಮನೆಯಲ್ಲಿ ಉಳಿದ ಅನ್ನಕ್ಕೆ ಬೆಳಿಗ್ಗೆ ಒಗ್ಗರಣೆ ಹಾಕಿ ಮಾಡಿದ ಚಿತ್ರಾನ್ನ ನೆನಪಿನ ಪಟ್ಟಿಗೇ ಬರುವುದಿಲ್ಲ.

ಆದರೆ ಆಹಾರದಿಂದ ಬರುವ ಕಾಯಿಲೆಗಳಿಗೆ ಒಂದೊಂದಕ್ಕೂ ತನ್ನದೇ ಗಡಿಯಾರವಿದೆ. ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಆಹಾರದಲ್ಲಿ ಬೆಳೆದು ಅಲ್ಲೇ ವಿಷ ಬಿಟ್ಟಿದ್ದರೆ, ತಿಂದ ಅರ್ಧ ಗಂಟೆಯಿಂದ ಎಂಟು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ಕೂಡ ಸುಮಾರು ಅಷ್ಟೇ ಚುರುಕು. ಸಾಲ್ಮೊನೆಲ್ಲಾಗೆ ಆರು ಗಂಟೆಯಿಂದ ಆರು ದಿನ ಬೇಕು. ಮಕ್ಕಳಿರುವ ಮನೆಯಲ್ಲಿ ಒಬ್ಬರಿಂದ ಒಬ್ಬರಿಗೆ ದಾಟುವ ನೊರೊವೈರಸ್‌ಗೆ ಹನ್ನೆರಡರಿಂದ ನಲವತ್ತೆಂಟು ಗಂಟೆ. ಟೈಫಾಯಿಡ್ ಆದರೆ ಒಂದರಿಂದ ಮೂರು ವಾರ. ಕಾಮಾಲೆ ತರುವ ಹೆಪಟೈಟಿಸ್ ‘ಎ’ಗೆ 15ರಿಂದ 50 ದಿನ, ಅಷ್ಟರಲ್ಲಿ ಎಲ್ಲಿ ಏನು ತಿಂದಿದ್ದೆವೆಂದು ಯಾರಿಗೆ ನೆನಪಿರುತ್ತದೆ?

ಈಗ ನಮ್ಮ ಮಾದರಿ ಸಂದೇಶವನ್ನು ಮತ್ತೆ ಓದಿ. ತುಮಕೂರಿನಿಂದ ಹೆಬ್ಬೂರಿನ ಮೇಲೆ ಕುಣಿಗಲ್‌ಗೆ ಹೆಚ್ಚುಕಡಿಮೆ ಒಂದು ಗಂಟೆಯ ದಾರಿ. ಒಂದು ಗಂಟೆಯಲ್ಲಿ ಬರೀ ವಾಂತಿ ಶುರುವಾದರೆ ಆ ತಿಂಡಿಯ ಮೇಲೆ ಅನುಮಾನ ಪಡುವುದರಲ್ಲಿ ಅರ್ಥವಿದೆ. (ಕಾರಿನಲ್ಲಿ ಕೂತ ಮಕ್ಕಳು ವಾಂತಿ ಮಾಡುವುದಕ್ಕೆ ಇನ್ನೊಂದು ಸರಳ ಕಾರಣವೂ ಇದೆ, ಅದು ಬೇರೆ ಮಾತು.) ಆದರೆ ಒಂದು ಗಂಟೆಯಲ್ಲಿ ಜ್ವರ, ಹೊಟ್ಟೆನೋವು, ಭೇದಿ ಎಲ್ಲ ಬಂದಿದ್ದರೆ ಅದರ ಬೀಜ ಬಿದ್ದದ್ದು ನಿನ್ನೆಯೋ ಮೊನ್ನೆಯೋ ಇರುವ ಸಾಧ್ಯತೆಯೇ ಹೆಚ್ಚು. ಜ್ವರದ ಜೊತೆ ಭೇದಿಯಾದಾಗ ಹಿಂದಿನ ಒಂದು ಊಟವನ್ನಲ್ಲ, ಹಿಂದಿನ ಮೂರು ದಿನಗಳ ಊಟ ಮತ್ತು ನೀರನ್ನು ನೆನಪು ಮಾಡಿಕೊಳ್ಳಬೇಕು.

ಚಿತ್ರಾನ್ನದ ಮಾತು ಬಂದದ್ದರಿಂದ ಒಂದು ತಪ್ಪು ನಂಬಿಕೆಯನ್ನೂ ಇಲ್ಲೇ ಮುಗಿಸಿಬಿಡೋಣ. “ಚೆನ್ನಾಗಿ ಬಿಸಿ ಮಾಡಿದರೆ ಏನೂ ಆಗಲ್ಲ” ಎನ್ನುತ್ತಾರೆ. ಬ್ಯಾಕ್ಟೀರಿಯಾ ಸಾಯುತ್ತದೆ, ನಿಜ. ಆದರೆ ಮೇಲೆ ಹೇಳಿದ ಸ್ಟ್ಯಾಫಿಲೋಕಾಕಸ್ ಮತ್ತು ಬ್ಯಾಸಿಲಸ್ ಸೀರಿಯಸ್ ಬಿಟ್ಟುಹೋದ ವಾಂತಿಯ ವಿಷ ಒಲೆಯ ಬಿಸಿಗೆ ನಾಶವಾಗುವುದಿಲ್ಲ. ರಾತ್ರಿಯಿಡೀ ಹೊರಗಿದ್ದ ಅನ್ನಕ್ಕೆ ಬೆಳಗಿನ ಒಗ್ಗರಣೆ ಪರಿಹಾರವಲ್ಲ. ಅದು ಹೋಟೆಲಿನದಾದರೂ ಸರಿ, ಮನೆಯದಾದರೂ ಸರಿ.

ತಿಂದೂ ಹುಷಾರಾಗಿದ್ದವರನ್ನು ಕೇಳಿ

ಹಾಗಾದರೆ ತಪ್ಪು ಯಾವುದರದ್ದೆಂದು ಪತ್ತೆ ಮಾಡುವುದು ಹೇಗೆ? ಇದಕ್ಕೆ ಲೋಕದಾದ್ಯಂತ ವೈದ್ಯಕೀಯ ವಿದ್ಯಾರ್ಥಿಗಳಿಗೆ ಹೇಳಿಕೊಡುವ ಒಂದು ಹಳೆಯ ಪ್ರಕರಣವಿದೆ. 1940ರ ಏಪ್ರಿಲ್‌ನಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆಸ್ವೀಗೋ ಎಂಬಲ್ಲಿ ಚರ್ಚ್‌ನವರು ಒಂದು ರಾತ್ರಿ ಊಟ ಹಾಕಿದರು. ನಮ್ಮ ಕಡೆ ಮನೆಮನೆಯಿಂದ ಪದಾರ್ಥ ತಂದು ಸೇರಿ ಉಣ್ಣುವ ಹಾಗೆ. ವಿಚಾರಿಸಲು ಸಿಕ್ಕ 75 ಜನರಲ್ಲಿ 46 ಜನಕ್ಕೆ ವಾಂತಿಭೇದಿ. ಅಧಿಕಾರಿಗಳು ಕಾಯಿಲೆ ಬಿದ್ದವರನ್ನಷ್ಟೇ ಕೇಳಿ ಸುಮ್ಮನಾಗಲಿಲ್ಲ. ಹುಷಾರಾಗಿದ್ದವರನ್ನೂ ಕೂರಿಸಿ ಒಂದೊಂದು ಪದಾರ್ಥದ ಹೆಸರು ಹೇಳಿ ತಿಂದಿರೋ ಇಲ್ಲವೋ ಎಂದು ಕೇಳಿದರು. ವೆನಿಲ್ಲಾ ಐಸ್‌ಕ್ರೀಮ್ ತಿಂದ 54 ಜನರಲ್ಲಿ 43 ಜನ ಕಾಯಿಲೆ ಬಿದ್ದಿದ್ದರು. ತಿನ್ನದ 21 ಜನರಲ್ಲಿ ಮೂವರು ಮಾತ್ರ. ಉಳಿದ ಯಾವ ಪದಾರ್ಥದಲ್ಲೂ ಇಷ್ಟು ದೊಡ್ಡ ಅಂತರ ಇರಲಿಲ್ಲ.

ಈ ಲೆಕ್ಕಕ್ಕೆ ಪ್ರಯೋಗಾಲಯ ಬೇಕಿಲ್ಲ, ಸ್ಲೇಟು ಬಳಪ ಸಾಕು. ಐದು ಜನ ಗೆಳೆಯರು ಗುಬ್ಬಿಯ ಹತ್ತಿರ ಗಾಡಿ ನಿಲ್ಲಿಸಿ ತಿಂಡಿ ತಿಂದಿರಿ ಎಂದುಕೊಳ್ಳಿ. ಐವರೂ ಇಡ್ಲಿ ತಿಂದು, ಇಬ್ಬರಿಗೆ ಮಾತ್ರ ವಾಂತಿಯಾದರೆ ಇಡ್ಲಿಯನ್ನು ಬೈಯುವ ಮೊದಲು ಆ ಇಬ್ಬರು ಮಾತ್ರ ತಿಂದದ್ದು ಏನೆಂದು ನೋಡಿ. ಎರಡನೇ ಸಲ ಹಾಕಿಸಿಕೊಂಡ ಚಟ್ನಿಯೋ? ಹೊರಗಿನ ಗಾಡಿಯ ಹೆಚ್ಚಿಟ್ಟ ಕಲ್ಲಂಗಡಿಯೋ? ಅಥವಾ ಇಬ್ಬರೂ ಹಿಂದಿನ ರಾತ್ರಿ ಒಂದೇ ಮದುವೆ ಮನೆಯ ಆರತಕ್ಷತೆಗೆ ಹೋಗಿದ್ದರೋ? ಒಬ್ಬರಿಗೇ ಆಗಿದ್ದರೆ ಯಾವ ತೀರ್ಪೂ ಸಾಧ್ಯವಿಲ್ಲ. ಒಂದೇ ಊಟ ಮಾಡಿದ ಇಬ್ಬರು ಅಥವಾ ಹೆಚ್ಚು ಜನಕ್ಕೆ ಒಂದೇ ಬಗೆಯ ಕಾಯಿಲೆ ಬಂದಾಗಲೇ ಆರೋಗ್ಯ ಇಲಾಖೆಯವರೂ ಅದನ್ನು ಆಹಾರದಿಂದ ಹರಡಿದ ಪ್ರಕರಣವೆಂದು ನೋಡುವುದು.

ಇಡ್ಲಿ ಪಾಪದ್ದು, ಚಟ್ನಿ ನೋಡಿ

ನಮ್ಮನ್ನು ಕೇಳಿದರೆ, ತಿಂಡಿ ಹೋಟೆಲಿನ ಪದಾರ್ಥಗಳಲ್ಲಿ ಅನುಮಾನಕ್ಕೆ ಕೊನೆಯದಾಗಿ ಬರಬೇಕಾದದ್ದು ಬಿಸಿ ಇಡ್ಲಿ. ಹಿಟ್ಟು ಹುಳಿ ಬಂದಿರುವುದರಿಂದ ಕೆಟ್ಟ ಬ್ಯಾಕ್ಟೀರಿಯಾಕ್ಕೆ ಅದು ಒಗ್ಗುವ ಜಾಗವಲ್ಲ. ಆಮೇಲೆ ಆವಿಯಲ್ಲಿ ಬೇಯುತ್ತದೆ. ಆಮೇಲೆ ಹೊಗೆಯಾಡುತ್ತಲೇ ತಟ್ಟೆಗೆ ಬರುತ್ತದೆ.

“ಇಷ್ಟು ಮೆತ್ತಗಿದೆ ಅಂದ್ರೆ ಸೋಡಾ ಸುರಿದಿದ್ದಾರೆ” ಎಂಬ ಮಾತೂ ಪೂರ್ತಿ ಸರಿಯಲ್ಲ. ಹಿಟ್ಟನ್ನು ಉಬ್ಬಿಸುವುದು ಮುಖ್ಯವಾಗಿ ಲ್ಯೂಕೊನೊಸ್ಟಾಕ್ ಎಂಬ ಒಳ್ಳೆಯ ಬ್ಯಾಕ್ಟೀರಿಯಾ ಬಿಡುವ ಅನಿಲ. ಆ ಗಾಳಿಯನ್ನು ಹಿಡಿದಿಡುವುದು ಉದ್ದಿನ ಅಂಟು. ಅವಲಕ್ಕಿಯನ್ನೋ ಸಬ್ಬಕ್ಕಿಯನ್ನೋ ಸೇರಿಸಿ ರುಬ್ಬಿದರೆ ಇನ್ನೂ ಮೆತ್ತಗಾಗುತ್ತದೆ. ಸೋಡಾ ಹಾಕುವವರೂ ಇದ್ದಾರೆ. ಅದು ವಿಷವಲ್ಲ, ಬಳಸಲು ಅನುಮತಿಯಿರುವ ಪದಾರ್ಥ. ಒಂದು ಗ್ರಾಂ ಅಡುಗೆ ಸೋಡಾದಲ್ಲಿ ಸುಮಾರು 270 ಮಿಲಿಗ್ರಾಂ ಸೋಡಿಯಂ ಇರುವುದರಿಂದ ಬಿ.ಪಿ. ಇರುವವರು ಯೋಚಿಸಬೇಕು, ಅಷ್ಟೇ.

ಚಟ್ನಿಯ ಕಥೆ ಬೇರೆ. ತೆಂಗಿನ ಸೀಮೆಯಾದ ತುಮಕೂರಿನಲ್ಲಿ ಚಟ್ನಿಗೆ ಕಾಯಿ ಧಾರಾಳ. ಆದರೆ ಕಾಯಿ ತುರಿ ಬೇಯುವುದಿಲ್ಲ. ಅದಕ್ಕೆ ಹಾಕಿದ ನೀರೂ ಕುದಿಯುವುದಿಲ್ಲ. ಕಾಯಿ ತುರಿದ ಕೈ, ಮಿಕ್ಸಿಯ ಜಾರು, ನಲ್ಲಿಯ ನೀರು ಮೂರೂ ನೇರವಾಗಿ ನಿಮ್ಮ ತಟ್ಟೆಗೆ ಬರುತ್ತವೆ. ಬೆಳಿಗ್ಗೆ ಆರಕ್ಕೆ ರುಬ್ಬಿದ್ದು ಹನ್ನೊಂದು ಗಂಟೆಯ ಸೆಕೆಯಲ್ಲಿ ಬಕೆಟ್ಟಿನಲ್ಲೇ ಇದ್ದರೆ ಬ್ಯಾಕ್ಟೀರಿಯಾಕ್ಕೆ ಅಷ್ಟು ಹೊತ್ತು ಧಾರಾಳವಾಯಿತು. ಇನ್ನೂ ಕೆಟ್ಟ ಅಭ್ಯಾಸವೆಂದರೆ, ತಳದಲ್ಲಿ ಉಳಿದ ಹಳೆಯ ಚಟ್ನಿಯ ಮೇಲೇ ಹೊಸದನ್ನು ಸುರಿಯುವುದು. ಆಗ ಹೊಸದೂ ಹಳೆಯದೇ. ಇದು ತಟ್ಟೆಯ ಮುಂದೆ ಕೂತವರ ಕಣ್ಣಿಗೇ ಬೀಳುವ ವಿಷಯ, ಆದರೂ ಯಾರೂ ನೋಡುವುದಿಲ್ಲ.

ಸಾಂಬಾರಿಗೆ ಸರಳ ಪರೀಕ್ಷೆಯಿದೆ: ನಾಲಿಗೆ ಸುಡಬೇಕು. ಐದರಿಂದ ಅರವತ್ತು ಡಿಗ್ರಿ ಸೆಲ್ಸಿಯಸ್ ನಡುವಿನ ಬಿಸಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆ. ಸಣ್ಣ ಉರಿಯ ಮೇಲೆ ಕುದಿಯುತ್ತಲೇ ಇರುವ ಸಾಂಬಾರು ಸುರಕ್ಷಿತ. ಒಲೆಯಿಂದ ಇಳಿಸಿ ಗಂಟೆಗಟ್ಟಲೆ ಬಿಟ್ಟ ಉಗುರುಬೆಚ್ಚನೆಯ ಸಾಂಬಾರು, ಎಷ್ಟೇ ರುಚಿಯಿದ್ದರೂ, ಅಲ್ಲ. ರುಚಿಯೂ ವಾಸನೆಯೂ ಇಲ್ಲಿ ಸಾಕ್ಷಿಗೆ ಬರುವುದಿಲ್ಲ. ಕಾಯಿಲೆ ತರುವ ಬ್ಯಾಕ್ಟೀರಿಯಾ ಬಹಳ ಸಲ ಆಹಾರವನ್ನು ಹಳಸಿಸುವುದೇ ಇಲ್ಲ.

ಲೋಟದಲ್ಲಿ ಕೊಡುವ ಬಿಸಿನೀರನ್ನೂ ಹೀಗೆಯೇ ನೋಡಬೇಕು. ಕುದ್ದು ಆರಿದ ನೀರು ಒಳ್ಳೆಯದು. ಒಂದು ಚೊಂಬು ಕುದಿನೀರಿಗೆ ಎರಡು ಚೊಂಬು ನಲ್ಲಿ ನೀರು ಬೆರೆಸಿ ಹದ ಮಾಡಿದ್ದು ಬೆಚ್ಚಗಿನ ನಲ್ಲಿ ನೀರಷ್ಟೇ.

ಪ್ಲಾಸ್ಟಿಕ್ ಮತ್ತು ಬಣ್ಣ: ಈ ಎರಡು ಫಾರ್ವರ್ಡ್‌ಗಳಲ್ಲಿ ಸತ್ಯವಿದೆ

2025ರ ಫೆಬ್ರುವರಿ ಕೊನೆಯಲ್ಲಿ ಹರಿದಾಡಿದ “ಇಡ್ಲಿಯಲ್ಲಿ ಪ್ಲಾಸ್ಟಿಕ್” ಸುದ್ದಿ ಸುಳ್ಳಲ್ಲ. ಆಹಾರ ಸುರಕ್ಷತಾ ಇಲಾಖೆ ರಾಜ್ಯದ 251 ಕಡೆ ತಪಾಸಣೆ ಮಾಡಿದಾಗ 52 ಕಡೆ ಇಡ್ಲಿ ಬೇಯಿಸಲು ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಬಳಸುತ್ತಿದ್ದುದು ಕಂಡುಬಂತು. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ ಇದನ್ನು ನಿಷೇಧಿಸುವುದಾಗಿ ಪ್ರಕಟಿಸಿದರು. ಆದರೆ ಫಾರ್ವರ್ಡ್‌ಗಳು ಇದನ್ನು “ಇಡ್ಲಿ ತಿಂದರೆ ಕ್ಯಾನ್ಸರ್” ಎಂದು ಮಾಡಿಬಿಟ್ಟವು. ತೆಳು ಪ್ಲಾಸ್ಟಿಕ್ಕಿಗೆ ಬಿಸಿ ಆವಿ ತಗುಲಿದಾಗ ಅದರಲ್ಲಿರುವ ರಾಸಾಯನಿಕಗಳು ಆಹಾರಕ್ಕೆ ಇಳಿಯುತ್ತವೆ. ಇದು ವರ್ಷಗಟ್ಟಲೆ ಕೂಡುತ್ತ ಹೋಗುವ ಅಪಾಯ. ಒಂದು ಇಡ್ಲಿ ತಿಂದು ಮಧ್ಯಾಹ್ನಕ್ಕೆ ವಾಂತಿಯಾದರೆ ಅದಕ್ಕೆ ಪ್ಲಾಸ್ಟಿಕ್ ಕಾರಣವಲ್ಲ. ಹಾಗೆಂದು ಅದನ್ನು ಸಹಿಸಬೇಕಿಲ್ಲ, ಏಕೆಂದರೆ ಬಟ್ಟೆ ಇರುವಾಗ ಪ್ಲಾಸ್ಟಿಕ್ ಬಳಸಲು ಯಾವ ನೆಪವೂ ಇಲ್ಲ.

“ಇಡ್ಲಿಯ ತಳ ನುಣುಪಾಗಿದ್ದರೆ ಪ್ಲಾಸ್ಟಿಕ್” ಎಂಬ ಸೂತ್ರವನ್ನು ಮಾತ್ರ ನಂಬಬೇಡಿ. ಬಟ್ಟೆ ಹಾಸಿ ಬೇಯಿಸಿದ ಇಡ್ಲಿಯ ಮೇಲೆ ನೇಯ್ಗೆಯ ಗುರುತು ಮೂಡುವುದು ನಿಜ. ಆದರೆ ತಟ್ಟೆಗೆ ಬರೀ ಎಣ್ಣೆ ಸವರಿ ಹಿಟ್ಟು ಹುಯ್ದರೂ ತಳ ನುಣುಪಾಗೇ ಇರುತ್ತದೆ. ಇಡ್ಲಿಯ ಮುಖ ನೋಡಿ ತೀರ್ಮಾನಿಸುವ ಬದಲು, “ಅಣ್ಣಾ, ಇಡ್ಲಿ ಬಟ್ಟೆ ಮೇಲೆ ಬೇಯಿಸ್ತೀರಾ, ಹಾಳೆ ಮೇಲಾ?” ಎಂದು ನೇರವಾಗಿ ಕೇಳಿಬಿಡಿ. ಅಡುಗೆಮನೆ ಕಣ್ಣಿಗೆ ಕಾಣುವ ಹೋಟೆಲ್ ಆದರೆ ಕೇಳುವುದೂ ಬೇಡ. ಇನ್ನು ಇಡ್ಲಿಗೆ ಪ್ಲಾಸ್ಟಿಕ್ ಬೇಡ ಎನ್ನುವ ನಾವೇ ಕುದಿಯುವ ಸಾಂಬಾರನ್ನು ತೆಳು ಕವರಿನಲ್ಲಿ ಕಟ್ಟಿಸಿಕೊಂಡು ಮನೆಗೆ ಒಯ್ಯುತ್ತೇವೆ. ಪಾರ್ಸಲ್‌ಗೆ ಸ್ಟೀಲ್ ಡಬ್ಬಿ ಕೊಟ್ಟರೆ ಬೇಡ ಎನ್ನುವ ಹೋಟೆಲಿನವರು ಕಡಿಮೆ. ಬೋಂಡಾ, ವಡೆಯನ್ನು ಹಳೆ ಪೇಪರಿನಲ್ಲಿ ಸುತ್ತುವುದಕ್ಕೂ ನಿಯಮದಲ್ಲಿ ಅವಕಾಶವಿಲ್ಲ. ಮುದ್ರಣದ ಶಾಯಿ ಎಣ್ಣೆಗೆ ಕರಗುತ್ತದೆ.

ಬಣ್ಣದ ವಿಷಯಕ್ಕೆ ಬಂದರೆ ಅಂಕಿ ಇನ್ನೂ ಗಂಭೀರ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ರಕಟಿಸಿದ ವರದಿಯಂತೆ ಗೋಬಿ ಮಂಚೂರಿಯ 171 ಮಾದರಿಗಳಲ್ಲಿ 107ರಲ್ಲಿ ಅಸುರಕ್ಷಿತ ಕೃತಕ ಬಣ್ಣವಿತ್ತು. ಬಾಂಬೆ ಮಿಠಾಯಿಯ 25ರಲ್ಲಿ 15 ಮಾದರಿಗಳೂ ಹಾಗೇ. ಬಟ್ಟೆಗೆ ಬಣ್ಣ ಹಾಕಲು ಬಳಸುವ ರೋಡಮೈನ್-ಬಿ ತಿನ್ನುವ ಪದಾರ್ಥದಲ್ಲಿ ಇರಲೇಬಾರದು. ಸನ್‌ಸೆಟ್ ಯೆಲ್ಲೊ, ಟಾರ್ಟ್ರಜೀನ್‌ನಂಥವನ್ನು ಕೆಲವು ಪದಾರ್ಥಗಳಿಗೆ ಮಿತಿಯಲ್ಲಿ ಬಳಸಬಹುದು, ಆದರೆ ಆ ಪಟ್ಟಿಯಲ್ಲಿ ಗೋಬಿಯೂ ಇಲ್ಲ, ಕಬಾಬೂ ಇಲ್ಲ. ಅದೇ ವರ್ಷ ಜೂನ್‌ನಲ್ಲಿ ಕಬಾಬಿನ 39 ಮಾದರಿಗಳಲ್ಲಿ 8 ಅಸುರಕ್ಷಿತ ಎಂದು ಕಂಡುಬಂದು ಅದಕ್ಕೂ ಬಣ್ಣ ನಿಷೇಧವಾಯಿತು. ಮೆಣಸಿನಪುಡಿ ಎಣ್ಣೆಯಲ್ಲಿ ಕರಿದಾಗ ಕಂದುಗೆಂಪಾಗುತ್ತದೆ. ತಟ್ಟೆಯಲ್ಲಿರುವುದು ಕುಂಕುಮದಂತೆ ಹೊಳೆದರೆ, ಕೈತೊಳೆದ ಮೇಲೂ ಬೆರಳಿನಲ್ಲಿ ಬಣ್ಣ ಉಳಿದರೆ ಅದು ಮಸಾಲೆಯ ಬಣ್ಣವಲ್ಲ. ಕೆಂಪು ಜಾಸ್ತಿ ಇದ್ದಷ್ಟೂ ಖಾರ, ರುಚಿ ಜಾಸ್ತಿ ಎಂದು ಗಿರಾಕಿ ಬಯಸುವವರೆಗೆ ಗಾಡಿಯವರು ಬಣ್ಣ ಬಿಡುವುದು ಕಷ್ಟ. ಇಲ್ಲಿ ತಪ್ಪಿನ ಪಾಲು ನಮ್ಮ ಕಣ್ಣಿಗೂ ಇದೆ.

ಜನ, ನಕ್ಷತ್ರ, ಕೈಗವಸು

“ಜನ ತುಂಬಿರೋ ಹೋಟೆಲಿಗೆ ಹೋಗು” ಎಂಬುದು ಹಿರಿಯರ ಮಾತು. ಅದರಲ್ಲಿ ತಿರುಳಿದೆ. ಗಿರಾಕಿ ಹೆಚ್ಚಿದ್ದರೆ ಇಡ್ಲಿ ಸ್ಟ್ಯಾಂಡ್ ಇಳಿದಂತೆಲ್ಲ ಖಾಲಿಯಾಗುತ್ತದೆ, ಚಟ್ನಿ ಮತ್ತೆ ಮತ್ತೆ ರುಬ್ಬುತ್ತಾರೆ, ಏನೂ ಕೂತಿರುವುದಿಲ್ಲ. ಕ್ಯಾತ್ಸಂದ್ರಕ್ಕೆ ಅಂಟಿಕೊಂಡೇ ಇರುವ ಸಿದ್ಧಗಂಗಾ ಮಠದ ದಾಸೋಹದಲ್ಲಿ ದಿನವೂ ಸಾವಿರಾರು ಜನ ಉಣ್ಣುತ್ತಾರೆ. ಅಂಥ ದೊಡ್ಡ ಅಡುಗೆಯಲ್ಲೂ ಸಣ್ಣ ಹೋಟೆಲಿನಲ್ಲೂ ಲೆಕ್ಕಕ್ಕೆ ಬರುವುದು ಒಂದೇ: ಒಲೆಯಿಂದ ಎಲೆಗೆ ಎಷ್ಟು ಹೊತ್ತು. ಆದರೆ ಜನ ಹೆಚ್ಚಾದಾಗ ಇನ್ನೊಂದು ಕಡೆ ಸೋರುತ್ತದೆ. ತಟ್ಟೆಗಳನ್ನು ಒಂದೇ ಬಕೆಟ್ ನೀರಿನಲ್ಲಿ ಅದ್ದಿ ತೆಗೆಯುವುದು ಶುರುವಾಗುವುದೇ ಆಗ. ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಹೋದರೆ ತಿಂಡಿ ನೋಡುವ ಮೊದಲು ತಟ್ಟೆ ತೊಳೆಯುವ ಜಾಗ ನೋಡಿ. ಹರಿಯುವ ನೀರಿದೆಯೇ ಎಂಬುದಷ್ಟೇ ಸಾಕು.

ಮೊಬೈಲಿನ ನಕ್ಷತ್ರಗಳು ಬೇರೆಯದನ್ನೇ ಅಳೆಯುತ್ತವೆ: ಬೆಣ್ಣೆ ಎಷ್ಟು ಹಾಕಿದರು, ಬಿಲ್ ಎಷ್ಟಾಯಿತು, ಸಪ್ಲೈಯರ್ ನಕ್ಕು ಮಾತಾಡಿಸಿದನೇ, ಕಾರು ನಿಲ್ಲಿಸಲು ಜಾಗವಿತ್ತೇ. ಇವೂ ಬೇಕಾದ ಮಾಹಿತಿಯೇ. ಆದರೆ ಹತ್ತು ನಿಮಿಷ ಕಾಯಿಸಿದ ಹೋಟೆಲು ಕೊಳಕು ಎಂದಾಗುವುದಿಲ್ಲ. ಬಹುಶಃ ಅಲ್ಲಿ ದೋಸೆ ಆಗತಾನೇ ಹುಯ್ಯುತ್ತಿದ್ದಾರೆ. ತಕ್ಷಣ ಬಂದದ್ದು ಯಾವಾಗ ಮಾಡಿಟ್ಟದ್ದೋ ಎಂದು ಕೇಳುವವರು ಕಡಿಮೆ.

ಸರ್ವೀಸಿನಲ್ಲಿ ನಿಜಕ್ಕೂ ನೋಡಬೇಕಾದದ್ದು ಕೈಗಳನ್ನು. ನಾಲ್ಕು ಲೋಟದೊಳಗೆ ನಾಲ್ಕು ಬೆರಳು ಅದ್ದಿಕೊಂಡು ನೀರು ತರುವುದು, ಗಲ್ಲಾದಲ್ಲಿ ನೋಟು ಎಣಿಸಿದ ಕೈಯಲ್ಲೇ ವಡೆ ತೆಗೆದುಕೊಡುವುದು, ಟೇಬಲ್ ಒರೆಸಿದ ಬಟ್ಟೆಯಲ್ಲೇ ತಟ್ಟೆ ಒರೆಸುವುದು ಇವು ನಗುಮುಖಕ್ಕಿಂತ ಹೆಚ್ಚಿನ ಸುದ್ದಿ ಹೇಳುತ್ತವೆ. ಮೊದಲೇ ದುಡ್ಡು ಕೊಟ್ಟು ಟೋಕನ್ ಪಡೆಯುವ ಪದ್ಧತಿಯಲ್ಲಿ ದುಡ್ಡಿನ ಕೈ ಬೇರೆ, ಬಡಿಸುವ ಕೈ ಬೇರೆ. ಕೈಗವಸು ಕಂಡು ಮಾರುಹೋಗಬೇಡಿ. ಬೆಳಿಗ್ಗೆ ಹಾಕಿದ ಕೈಗವಸಿನಲ್ಲೇ ನೋಟು, ಮೊಬೈಲು, ಪಲ್ಯ ಎಲ್ಲ ಮುಟ್ಟಿದರೆ ಅದಕ್ಕಿಂತ ಆಗಾಗ ಸೋಪಿನಲ್ಲಿ ತೊಳೆದ ಬರಿಗೈಯೇ ಮೇಲು.

ಸಂಜೆಯ ಕರಿದ ತಿಂಡಿಗೆ ಎಣ್ಣೆ ನೋಡಿದರೆ ಸಾಕು. ಬಾಣಲೆಯ ಎಣ್ಣೆ ಕಪ್ಪಗೆ, ಜಿಗುಟಾಗಿ, ನೊರೆ ಕಟ್ಟುತ್ತಿದ್ದರೆ ಮುಂದಿನ ಗಾಡಿಗೆ ನಡೆಯಿರಿ.

ಬೈಯುವ ಬದಲು ದೂರು

ಮೊದಲು ಹೊಟ್ಟೆಯ ಉಪಚಾರ. ವಾಂತಿಭೇದಿಗೆ ಓಆರ್‌ಎಸ್ ದ್ರಾವಣವನ್ನು ಗುಟುಕು ಗುಟುಕಾಗಿ ಕುಡಿಸುತ್ತಿರಬೇಕು. ಭೇದಿಯಲ್ಲಿ ರಕ್ತ, ಹೆಚ್ಚು ಜ್ವರ, ಮೂತ್ರ ಕಟ್ಟುವುದು, ಏನು ಕುಡಿದರೂ ನಿಲ್ಲದಿರುವುದು ಇವುಗಳಲ್ಲಿ ಯಾವುದಾದರೂ ಇದ್ದರೆ, ಅಥವಾ ರೋಗಿ ಸಣ್ಣ ಮಗುವೋ ವಯಸ್ಸಾದವರೋ ಆಗಿದ್ದರೆ ಆಸ್ಪತ್ರೆಗೆ ಹೋಗಿ. ಒಂದೇ ಊಟ ಮಾಡಿದ ಹಲವರಿಗೆ ಹೀಗಾಗಿದ್ದರೆ ಅದನ್ನು ವೈದ್ಯರಿಗೆ ಹೇಳಲೇಬೇಕು. ತನಿಖೆಯ ಬಾಗಿಲು ತೆರೆಯುವುದು ಆ ಒಂದು ಮಾತು.

ಆಮೇಲೆ ಬಿಲ್ ಹುಡುಕಿ. 2022ರ ಜನವರಿಯಿಂದ ಬಿಲ್ಲಿನ ಮೇಲೆ ಎಫ್‌ಎಸ್‌ಎಸ್‌ಎಐ ಕೊಟ್ಟ 14 ಅಂಕಿಯ ಸಂಖ್ಯೆ ಇರಬೇಕು, ಹೋಟೆಲಿನ ಗೋಡೆಯ ಮೇಲೂ ಕಾಣಬೇಕು. ಬೀದಿಬದಿಯ ಗಾಡಿಗೂ ನೋಂದಣಿ ಕಡ್ಡಾಯ. ಆ ಸಂಖ್ಯೆ ಇದ್ದಮಾತ್ರಕ್ಕೆ ಇವತ್ತಿನ ಚಟ್ನಿ ಸರಿಯಿದೆ ಎಂದಲ್ಲ; ಅದು ವಾಹನದ ನಂಬರ್ ಪ್ಲೇಟ್ ಇದ್ದಹಾಗೆ, ತಪ್ಪಾದಾಗ ಹಿಡಿಯಲು ಬೇಕು. ದೂರನ್ನು ‘ಫುಡ್ ಸೇಫ್ಟಿ ಕನೆಕ್ಟ್’ ಆ್ಯಪ್‌ನಲ್ಲಿ ಅಥವಾ 1800112100 ಎಂಬ ಶುಲ್ಕರಹಿತ ಸಂಖ್ಯೆಯಲ್ಲಿ ಕೊಡಬಹುದು. ಜಿಲ್ಲೆಯ ಆಹಾರ ಸುರಕ್ಷತಾ ಅಂಕಿತ ಅಧಿಕಾರಿಗೆ ಬರೆದೂ ಕೊಡಬಹುದು. ಏನು ತಿಂದಿರಿ, ಎಷ್ಟು ಗಂಟೆಗೆ, ಯಾರಿಗೆ ಯಾವ ಹೊತ್ತಿಗೆ ಏನಾಯಿತು, ತಿಂದೂ ಯಾರಿಗೆ ಏನೂ ಆಗಲಿಲ್ಲ ಎಂಬ ನಾಲ್ಕು ಸಾಲು ಅಧಿಕಾರಿಗೆ ನೂರು ಫಾರ್ವರ್ಡ್‌ಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಹೆಸರು ಹಾಕಿದ ಫಾರ್ವರ್ಡ್ ಸುಳ್ಳಾದರೆ ಮಾನನಷ್ಟದ ಕೇಸು ಬರುವುದು ಕಳಿಸಿದವರ ಮೇಲೆ.

ಬಹಳ ಜನಕ್ಕೆ ಗೊತ್ತಿಲ್ಲದ ಇನ್ನೊಂದು ದಾರಿ 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 40ನೇ ಕಲಂನಲ್ಲಿದೆ. ಅಧಿಕಾರಿ ಬರುವವರೆಗೆ ಕಾಯದೆ, ಕೊಂಡವರೇ ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಅಂಗಡಿಯವರಿಗೆ “ಇದನ್ನು ಪರೀಕ್ಷೆಗೆ ಕಳಿಸುತ್ತಿದ್ದೇನೆ” ಎಂದು ತಿಳಿಸಿರಬೇಕು ಎಂಬುದೊಂದು ಷರತ್ತು. ತಪ್ಪು ಸಾಬೀತಾದರೆ ಕಟ್ಟಿದ ಶುಲ್ಕ ವಾಪಸ್ ಬರುತ್ತದೆ. ಹೊಟ್ಟೆ ಕೆಟ್ಟ ಮೇಲೆ ಉಳಿದ ಚಟ್ನಿಗೆ ಇದು ಉಪಯೋಗಕ್ಕೆ ಬರದಿರಬಹುದು, ಆದರೆ ದಿನಾ ಸಂಜೆ ಒಂದೇ ಕಡೆ ಕಾಣುವ ಕುಂಕುಮಗೆಂಪು ಗೋಬಿಗೆ ಇದು ಹೇಳಿಮಾಡಿಸಿದ ದಾರಿ.

ದೂರು ಕೊಟ್ಟಾಗ ಸಿಗುವ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ. ಗ್ರೂಪಿಗೆ ಏನಾದರೂ ಹಾಕಲೇಬೇಕು ಅನ್ನಿಸಿದರೆ ಹೋಟೆಲಿನ ಹೆಸರಿನ ಬದಲು ಅದನ್ನು ಹಾಕಿ, ದಿನಾಂಕದ ಜೊತೆಗೆ. ಅದೇ ದಿನ ಅದೇ ಜಾಗದಲ್ಲಿ ತಿಂದ ಇನ್ನೊಬ್ಬರು ಆ ಗ್ರೂಪಿನಲ್ಲಿದ್ದರೆ ಅವರ ನಾಲ್ಕು ಸಾಲೂ ಅಲ್ಲಿಗೇ ಸೇರಲಿ.